ಗೊಂಬೆ ಎತ್ತಿಡುವ ದಿನ

ನವರಾತ್ರಿಯ ಗೊಂಬೆಗಳನ್ನು ಯಾವಾಗ ಕೂರಿಸಬೇಕೆಂದು ನಮ್ಮ ಕೂಟದಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಪಾಡ್ಯದ ದಿನ ಕಲಶವಿಟ್ಟು ಪಟ್ಟದ ಗೊಂಬೆಗಳನ್ನು ಕೂರಿಸುವುದು ಎಲ್ಲರಿಗೂ ಗೊತ್ತು. ಚರ್ಚೆ ಶುರುವಾಗುವುದು ವಿಜಯದಶಮಿ ಆದಮೇಲೆ. "ಎತ್ತಿಟ್ರಾ?" "ಇನ್ನೂ ಇಲ್ಲ ರೀ, ಶನಿವಾರ ಎರಡು ಮನೆಯವರು ಬರ್ತೀವಿ ಅಂದಿದಾರೆ." "ದಶಮಿ ಆದಮೇಲೂ ಇಟ್ಕೋಬಹುದಾ?" ಈ ಕೊನೆಯ ಪ್ರಶ್ನೆಯಲ್ಲಿ ನಿಜವಾದ ಅಳುಕು ಇರುತ್ತದೆ. ಅದನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಹಳೇ ಮೈಸೂರಿನ ಕಡೆ ಎಷ್ಟೋ ಮನೆಗಳಲ್ಲಿ ನಡೆದುಬಂದಿರುವುದು ಹೀಗೆ: ದಶಮಿಯ ರಾತ್ರಿ ಆರತಿ ಎತ್ತಿ, ಮದುವೆಯಲ್ಲಿ ತವರಿನವರು ಕೊಟ್ಟು ಕಳಿಸಿದ ಮರದ ರಾಜ-ರಾಣಿಯರನ್ನು ಮಲಗಿಸುತ್ತಾರೆ. ಕಲಶವನ್ನು ಉತ್ತರದ ಕಡೆಗೆ ತುಸು ಕದಲಿಸುತ್ತಾರೆ. ಮಾರನೆಯ ದಿನ ಗೊಂಬೆಗಳು ಪೆಟ್ಟಿಗೆ ಸೇರುತ್ತವೆ. ಆ ದಿನ ಮಂಗಳವಾರವೋ ಶುಕ್ರವಾರವೋ ಆಗಿದ್ದರೆ ಇನ್ನೊಂದು ದಿನ ತಡೆಯುವವರೂ ಉಂಟು. 2025ರಲ್ಲಿ ಮೈಸೂರಿನಲ್ಲಿ ದಶಮಿ ಬಂದದ್ದು ಅಕ್ಟೋಬರ್ 2ರ ಗುರುವಾರ. ಮಾರನೆಯ ದಿನ ಶುಕ್ರವಾರವಾದ್ದರಿಂದ ಶನಿವಾರದವರೆಗೆ ಕಾಯಲು ಪದ್ಧತಿಯೇ ದಾರಿ ಮಾಡಿಕೊಟ್ಟಿತು. 2023ರಲ್ಲಿ ಹಾಗಿರಲಿಲ್ಲ. ಅಕ್ಟೋಬರ್ 24ರ ಮಂಗಳವಾರ ದಶಮಿ, ಬುಧವಾರ ಗೊಂಬೆ ಒಳಗೆ. ಅದೂ ಊರಿನ ಪಂಚಾಂಗದ ಲೆಕ್ಕ. ಇಲ್ಲಿ ಅಮೆರಿಕದಲ್ಲಿ ತಿಥಿ ಒಂದು ದಿನ ಮುಂಚೆಯೇ ಬಿದ್ದುಬಿಡಬಹುದು.

ಊರಿನಲ್ಲಿ ಒಂಬತ್ತು ದಿನ ಸಾಕಾಗುತ್ತದೆ. ಮಕ್ಕಳು ಸಂಜೆ ಹೊತ್ತು ಗುಂಪುಕಟ್ಟಿಕೊಂಡು ಬೀದಿಯ ಮನೆಮನೆಗೂ ಹೋಗಿ, ಗೊಂಬೆ ನೋಡಿ, ಹಾಡು ಹೇಳಿ, ಗೊಂಬೆ ಬಾಗಿನದ ತಿಂಡಿ ತಿಂದು ಬರುತ್ತಾರೆ. ಇಲ್ಲಿ ಪ್ರತಿಯೊಂದು ಭೇಟಿಗೂ ಕಾರು ಬೇಕು, ಮುಂಚಿತವಾಗಿ ಕರೆಯಬೇಕು, ವಾರದ ನಡುವೆ ಮಕ್ಕಳಿಗೆ ಶಾಲೆ, ದೊಡ್ಡವರಿಗೆ ಕೆಲಸ. ನವರಾತ್ರಿಯೊಳಗೆ ಸಿಗುವ ಒಂದೆರಡು ವಾರಾಂತ್ಯಗಳಲ್ಲಿ ಒಂದು ಕೂಟದ ದಸರಾ ಕಾರ್ಯಕ್ರಮಕ್ಕೆ ಹೋಗುತ್ತದೆ. ಹಾಗಾಗಿ ನನ್ನ ನಿಲುವು ಇಷ್ಟು: ಕಲಶ ಅದರ ತಿಥಿಗೇ ಕದಲಲಿ. ರಾಜ-ರಾಣಿಯರು ದಶಮಿಯ ರಾತ್ರಿಯೇ ಮಲಗಲಿ. ಪೂಜೆಗೆ ಕಾಲವಿದೆ, ಅದನ್ನು ನಮ್ಮ ಅನುಕೂಲಕ್ಕೆ ಎಳೆಯುವುದು ಸರಿಯಲ್ಲ. ಆದರೆ ಮೆಟ್ಟಿಲ ಮೇಲಿನ ಶೆಟ್ಟಿ ದಂಪತಿ, ದಸರಾ ಮೆರವಣಿಗೆಯ ಆನೆ, ಕಿನ್ನಾಳದ ಹಣ್ಣುಗಳು, ಚನ್ನಪಟ್ಟಣದ ಬುಗುರಿ, ಮಕ್ಕಳೇ ಕಟ್ಟಿದ ಉದ್ಯಾನ, ಇವೆಲ್ಲ ನೋಡುವವರಿಗಾಗಿ ಇರುವಂಥವು. ಕರೆದವರು ಬಂದು ನೋಡುವ ಮುನ್ನ ಅವನ್ನು ಕಟ್ಟಿಡುವುದು ಕರೆದವರಿಗೂ ನ್ಯಾಯವಲ್ಲ, ಜೋಡಿಸಿದ ಮಕ್ಕಳಿಗೂ ನ್ಯಾಯವಲ್ಲ. ಮುಂದಿನ ಭಾನುವಾರದವರೆಗೆ ಇರಲಿ. ಅದನ್ನು ಮೀರಿ ಬೇಡ. ದೀಪಾವಳಿಯವರೆಗೂ ಉಳಿದ ಗೊಂಬೆಗಳತ್ತ ಮನೆಯವರೇ ನೋಡುವುದನ್ನು ಬಿಟ್ಟಿರುತ್ತಾರೆ.

ಈ ಅಳುಕು ನಮ್ಮದೊಂದೇ ಅಲ್ಲ. ಜಪಾನಿನ ಹಿನಾಮತ್ಸುರಿಯಲ್ಲೂ ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳ ಮೇಲೆ ಚಕ್ರವರ್ತಿ ದಂಪತಿಯನ್ನೂ ಅವರ ಆಸ್ಥಾನವನ್ನೂ ಗೊಂಬೆಗಳಾಗಿ ಕೂರಿಸುತ್ತಾರೆ. ಮಾರ್ಚ್ 3ಕ್ಕೆ ಹಬ್ಬ. ಆಮೇಲೆ ತಡಮಾಡಿ ಎತ್ತಿಟ್ಟರೆ ಮನೆಮಗಳ ಮದುವೆಯೂ ತಡವಾಗುತ್ತದೆಂಬ ನಂಬಿಕೆ ಅಲ್ಲಿದೆ. ಹುಡುಗಿಯ ತಲೆಯ ಮೇಲೆ ಅಂಥ ಭಾರ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. ಮೆಕ್ಸಿಕೋದವರ ಕ್ರಮ ನನಗೆ ಹೆಚ್ಚು ಇಷ್ಟ. ಕ್ರಿಸ್ಮಸ್ಸಿಗೆ ಜೋಡಿಸಿದ ಗೋದಲಿಯನ್ನು ಅಲ್ಲಿ ಬಹಳ ಮನೆಗಳಲ್ಲಿ ಫೆಬ್ರವರಿ 2ರವರೆಗೆ ಇಡುತ್ತಾರೆ. ಜನವರಿ 6ರಂದು ಕತ್ತರಿಸಿ ಹಂಚುವ ಸಿಹಿ ಬ್ರೆಡ್ಡಿನ ಯಾರ ತುಂಡಿನಲ್ಲಿ ಪುಟ್ಟ ಗೊಂಬೆ ಸಿಗುತ್ತದೋ ಅವರು ಫೆಬ್ರವರಿ 2ಕ್ಕೆ ಎಲ್ಲರನ್ನೂ ಕರೆದು ತಮಾಲೆ ಉಣಬಡಿಸಬೇಕು. ಮೆಕ್ಕೆಜೋಳದ ಹಿಟ್ಟನ್ನು ತೆನೆಯ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ಈ ತಮಾಲೆ ನಮ್ಮ ಕೊಟ್ಟೆ ಕಡುಬಿಗೆ ದಾಯಾದಿಯಂತಿದೆ. ಹಬ್ಬ ಇಳಿಸುವ ದಿನಕ್ಕೂ ಒಂದು ಊಟವಿದೆ, ನಾಲ್ಕು ಜನ ಸೇರುತ್ತಾರೆ.

ದೀಪಾವಳಿಯ ಆಕಾಶಬುಟ್ಟಿಗೆ ಇಷ್ಟು ಯೋಚನೆ ಬೇಡ. ಕಾರ್ತಿಕವಿಡೀ ದೀಪ ಹಚ್ಚುವ ಮಾಸ. ಉತ್ಥಾನ ದ್ವಾದಶಿಯ ತುಳಸಿ ಹಬ್ಬ ದಾಟಿ ಅಮಾವಾಸ್ಯೆಯವರೆಗೆ ಬೆಳಗಿಸಿ. 2024ರಲ್ಲಿ ಅದು ಡಿಸೆಂಬರ್ 1ರವರೆಗೆ ಬಂದಿತ್ತು. ಅಷ್ಟರಲ್ಲಿ ಥ್ಯಾಂಕ್ಸ್‌ಗಿವಿಂಗ್ ಮುಗಿದು ಅಕ್ಕಪಕ್ಕದ ಮನೆಗಳಲ್ಲೂ ದೀಪ ಹತ್ತಿತ್ತು. ನಿಮ್ಮ ಬಡಾವಣೆಯ ಸಂಘಕ್ಕೆ ಇಂತಿಷ್ಟೇ ದಿನವೆಂಬ ನಿಯಮವಿದ್ದರೆ ಅದನ್ನೊಮ್ಮೆ ನೋಡಿಕೊಂಡರೆ ಸಾಕು.

ಗೊಂಬೆಗಳ ವಿಷಯದಲ್ಲಿ ನಾನು ಒತ್ತಿ ಹೇಳಬೇಕಾದ್ದು ಇನ್ನೊಂದಿದೆ. ಕೂರಿಸುವಾಗ ಮನೆಮಂದಿಯೆಲ್ಲ ಇರುತ್ತಾರೆ. ಎತ್ತಿಡುವಾಗ ಅಮ್ಮ ಒಬ್ಬಳೇ, ಅದೂ ಎಲ್ಲರೂ ಮಲಗಿದ ಮೇಲೆ. ಇದು ತಪ್ಪಬೇಕು. ಯಾವ ಗೊಂಬೆ ಯಾವ ಅಜ್ಜಿಯದು, ಯಾವುದರ ಕೈ ಯಾವಾಗ ಮುರಿದು ಅಂಟಿಸಿದ್ದು ಎಂದು ಮಕ್ಕಳಿಗೆ ತಿಳಿಯುವುದು ಒಂದೊಂದನ್ನೇ ಕೈಗೆತ್ತಿಕೊಂಡು ಬಟ್ಟೆ ಸುತ್ತುವಾಗ. ಜೋಡಿಸುವ ದಿನದ ಗಡಿಬಿಡಿಯಲ್ಲಿ ಆ ಮಾತಿಗೆ ಪುರುಸೊತ್ತು ಇರುವುದಿಲ್ಲ. ಆದ್ದರಿಂದ ಎಲ್ಲರೂ ಮನೆಯಲ್ಲಿರುವ ದಿನವನ್ನೇ ಗೊತ್ತುಮಾಡಿ. ಮಣ್ಣಿನವಕ್ಕೆ ಹಳೆಯ ಹತ್ತಿ ಪಂಚೆ ಸುತ್ತಿ. ಬೇಸ್‌ಮೆಂಟಿನ ತೇವಕ್ಕೆ ಅವುಗಳ ಬಣ್ಣ ಎದ್ದುಬರುತ್ತದೆ. ಚನ್ನಪಟ್ಟಣದವನ್ನು ಅಟ್ಟಕ್ಕೆ ಹಾಕಬೇಡಿ: ಅರಗನ್ನು ಮರಕ್ಕೆ ಹತ್ತಿಸುವುದೇ ಲೇತಿನಲ್ಲಿ ತಿರುಗುವಾಗ ಹುಟ್ಟುವ ಬಿಸಿಯಿಂದ, ಬೇಸಿಗೆಯಲ್ಲಿ ಕಾಯುವ ಅಟ್ಟದಲ್ಲಿ ಅದು ಮತ್ತೆ ಮೆತ್ತಗಾಗಬಹುದು. ಮನೆಯೊಳಗಿನ ಬೀರುವಿನ ಕೆಳಗಿನ ಅರೆಯೇ ಎರಡಕ್ಕೂ ಒಳ್ಳೆಯ ಜಾಗ. ಪೆಟ್ಟಿಗೆಯ ಮೇಲೆ ಒಳಗೇನಿದೆಯೆಂದು ಮಕ್ಕಳ ಕೈಯಲ್ಲೇ ಕನ್ನಡದಲ್ಲಿ ಬರೆಸಿ. ಪಟ್ಟದ ಗೊಂಬೆಗಳ ಪೆಟ್ಟಿಗೆ ಎಲ್ಲಕ್ಕಿಂತ ಮೇಲಿರಲಿ. ಮುಂದಿನ ಪಾಡ್ಯಕ್ಕೆ ಮೊದಲು ಬೇಕಾಗುವುದು ಅದೇ.