ಅಲಾಭ ಮತ್ತು ಅಂತರಾಯ

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿರುವ 22 ಪರೀಷಹಗಳಲ್ಲಿ ಯಾಚನೆಯೂ ಅಲಾಭವೂ ಒಂದರ ಬೆನ್ನಿಗೆ ಒಂದು ಬರುತ್ತವೆ. ಬೇಡುವ ಪ್ರಸಂಗದಲ್ಲಿ ದೀನನಾಗದಿರುವುದು ಮೊದಲನೆಯದರ ಜಯ; ದೊರೆಯದಿದ್ದಾಗ ಖಿನ್ನನಾಗದಿರುವುದು ಎರಡನೆಯದರ ಜಯ. ಇವು ಮುನಿಧರ್ಮಕ್ಕೆ ಸಂಬಂಧಿಸಿದ ಮಾತುಗಳಾದರೂ ಕಾಲೇಜು ಪ್ರವೇಶದ ದಿನಗಳಲ್ಲಿ ಮಂಗಳೂರಿನ ಶ್ರಾವಕರ ಮನೆಗಳಲ್ಲಿಯೂ ಅನುಭವಕ್ಕೆ ಬರುತ್ತವೆ. ಸೀಟು ದೊರೆತಿರುತ್ತದೆ, ಅಂಕಗಳೂ ಉತ್ತಮವಾಗಿರುತ್ತವೆ. ಆದರೆ ಮಂಜೂರಾದ ವಿದ್ಯಾರ್ಥಿವೇತನ ಶುಲ್ಕದ ಕಾಲುಭಾಗಕ್ಕೂ ಸಾಲುವುದಿಲ್ಲ.

ಆಗ ಮಕ್ಕಳು ಆ ಮೊತ್ತವನ್ನೇ ತಮ್ಮ ಯೋಗ್ಯತೆಯ ಬೆಲೆಯೆಂದು ಭಾವಿಸುತ್ತಾರೆ. ಇದು ಮಿಥ್ಯಾಭಾವನೆ. ನಿಧಿಯ ವರಮಾನವನ್ನು ಅರ್ಜಿಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವ ಅಂಕಿಯು ದಾನಿಯ ಶಕ್ತಿಯನ್ನು ಹೇಳುತ್ತದೆಯೇ ಹೊರತು ವಿದ್ಯಾರ್ಥಿಯ ಅರ್ಹತೆಯನ್ನಲ್ಲ.

ಸಮತಾಭಾವವೆಂದರೆ ಕೈಕಟ್ಟಿ ಕುಳಿತುಕೊಳ್ಳುವುದೂ ಅಲ್ಲ. ಗೃಹಸ್ಥನಿಗೆ ಪುರುಷಾರ್ಥ ವಿಹಿತವಾಗಿದೆ. ಕೇಂದ್ರ ಸಂಪುಟವು 2024ರ ನವೆಂಬರ್ 6ರಂದು ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಗುರುತಿಸಲ್ಪಟ್ಟ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನವಾಗಲಿ ಜಾಮೀನಾಗಲಿ ಇಲ್ಲದೆ ಸಾಲ ದೊರೆಯುತ್ತದೆ. ಕುಟುಂಬದ ವಾರ್ಷಿಕ ವರಮಾನ 8 ಲಕ್ಷ ರೂಪಾಯಿಗಳೊಳಗಿದ್ದರೆ, ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳ ಮಿತಿಯಲ್ಲಿ, 10 ಲಕ್ಷದವರೆಗಿನ ಸಾಲಕ್ಕೆ ಮರುಪಾವತಿ ಆರಂಭವಾಗುವವರೆಗೆ ಶೇಕಡಾ 3ರ ಬಡ್ಡಿ ರಿಯಾಯಿತಿಯುಂಟು. ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಪಡೆಯುವವರಿಗೆ ಈ ರಿಯಾಯಿತಿಯಿಲ್ಲ. 4 ಲಕ್ಷದ ಸಾಲಕ್ಕೆ ಶೇಕಡಾ 3 ಎಂದರೆ ವರ್ಷಕ್ಕೆ 12,000 ರೂಪಾಯಿ. ಯಾವುದನ್ನು ಸ್ವೀಕರಿಸಿದರೆ ಲಾಭವೆಂಬುದನ್ನು ಮೊದಲೇ ಲೆಕ್ಕ ಹಾಕಬೇಕು. ವಿದ್ಯೆಗಾಗಿ ಸಾಲ ಮಾಡುವುದು ಅವಮಾನವೂ ಅಲ್ಲ. ಇದೇ ಊರಿನಲ್ಲಿ 1891ರಲ್ಲಿ ಕೆನರಾ ಹೈಸ್ಕೂಲನ್ನು ಸ್ಥಾಪಿಸಿದ ಅಮ್ಮೆಂಬಳ ಸುಬ್ಬರಾವ್ ಪೈಯವರೇ 1906ರಲ್ಲಿ ಕೆನರಾ ಬ್ಯಾಂಕಿಗೂ ಅಡಿಪಾಯ ಹಾಕಿದರು.

ಇನ್ನು ಕರ್ಮಸಿದ್ಧಾಂತದ ಮಾತು. ಅಲಾಭವು ಅಂತರಾಯ ಕರ್ಮದ ಫಲವೆಂಬುದು ಶಾಸ್ತ್ರಸಮ್ಮತ. ಆದರೆ ಅದು ಪಡೆಯದವನು ತನ್ನ ಮನಸ್ಸಿನ ಸಮಾಧಾನಕ್ಕಾಗಿ ಹೇಳಿಕೊಳ್ಳಬೇಕಾದ ಮಾತು. ಕೊಡಬಲ್ಲವನು ಬಾಗಿಲು ಮುಚ್ಚುತ್ತ ಹೇಳಬೇಕಾದುದಲ್ಲ. ಅದೇ ಗ್ರಂಥದ ಆರನೆಯ ಅಧ್ಯಾಯವು ಇತರರ ಲಾಭಕ್ಕೆ ವಿಘ್ನವೊಡ್ಡುವುದೇ ಅಂತರಾಯ ಕರ್ಮದ ಆಸ್ರವಕ್ಕೆ ಕಾರಣವೆಂದು ಎಚ್ಚರಿಸುತ್ತದೆ. ಹಣವಿದ್ದೂ ಶುಲ್ಕದ ಗಡುವು ಮುಗಿದ ಮೇಲೆ ನೆರವು ಪ್ರಕಟಿಸುವ ಆಡಳಿತ ಮಂಡಳಿ, ಅರ್ಜಿಗೆ ಉತ್ತರವನ್ನೇ ಬರೆಯದ ಕಾರ್ಯದರ್ಶಿ, ವಾರ್ಷಿಕೋತ್ಸವದ ವೇದಿಕೆಯಲ್ಲಿ ಕೈಚಾಚಿ ನಿಲ್ಲಿಸಿಯೇ ಲಕೋಟೆ ಕೊಡುವ ದಾನಿ, ಇವರೆಲ್ಲರೂ ತಮ್ಮ ಆತ್ಮಕ್ಕೆ ಏನನ್ನು ಕಟ್ಟಿಕೊಳ್ಳುತ್ತಿದ್ದಾರೆಂದು ಯೋಚಿಸಬೇಕು. ಯಾಚನೆಯ ಪರೀಷಹವನ್ನು ಇನ್ನೊಬ್ಬರ ಮಗುವಿನ ಮೇಲೆ ಹೇರುವ ಅಧಿಕಾರ ನಮಗಿಲ್ಲ.

ಆದ್ದರಿಂದ ನಮ್ಮ ಬಸದಿಗಳ ಟ್ರಸ್ಟುಗಳು ಪ್ರವೇಶಕ್ಕೆ ಮುನ್ನವೇ, ಎಷ್ಟು ಕೊಡಲು ಸಾಧ್ಯ, ಎಷ್ಟು ಸಾಧ್ಯವಿಲ್ಲ ಎಂಬುದನ್ನು ಸ್ಪಷ್ಟವಾಗಿ ತಿಳಿಸಲಿ. ಕೊರತೆ ಬಿದ್ದಲ್ಲಿ ಬಡ್ಡಿಯಿಲ್ಲದ ಕೈಗಡವನ್ನಾದರೂ ಸದ್ದಿಲ್ಲದೆ ನೀಡಲಿ. ಶಾಸ್ತ್ರದಾನವನ್ನು ಚತುರ್ವಿಧ ದಾನಗಳಲ್ಲಿ ಒಂದಾಗಿ ಎಣಿಸುವ ಸಮಾಜದಲ್ಲಿ, ಶುಲ್ಕದ ಕೊನೆಯ ಕಂತು ಕಟ್ಟಲಾಗದೆ ಓದು ನಿಲ್ಲಿಸಿದ ಒಂದು ಮಗುವಿದ್ದರೂ ಅದು ನಮ್ಮ ಲೆಕ್ಕಪುಸ್ತಕದ ಬಾಕಿಯೇ ಸರಿ.