ಕಾಳು ಬಂತು, ಸುಣ್ಣ ಬರಲಿಲ್ಲ

ಬೆಂಗಳೂರಿನ ಬಾರು, ರೆಸ್ಟೋರೆಂಟುಗಳ ಮೆನುವಿನಲ್ಲಿ ಟಾಕೊ ಈಗ ಹೊಸದಲ್ಲ. ಮೆಕ್ಕೆಜೋಳದ ತೆಳು ರೊಟ್ಟಿ, ಅದರ ಮಡಿಕೆಯಲ್ಲಿ ಹುರಿದ ಮಾಂಸವೋ ಕಾಳಿನ ಪಲ್ಯವೋ. ಮಸಾಲೆ ಬದಲಿಸಿದರೆ ಅದೇ ‘ಕೆರಿಬಿಯನ್ ಶೈಲಿ’ಯದು. ಚಿತ್ರದುರ್ಗದ ಕಡೆಯಿಂದ ಓದಲು, ದುಡಿಯಲು ಹೋದವರು ಅದರ ರುಚಿಯನ್ನು ಊರಲ್ಲಿ ಬಣ್ಣಿಸಿದರೆ ಹಿರಿಯರು ಕೇಳುವುದುಂಟು: ‘ನಮ್ಮ ಊಟ ಇರುವಾಗ ಅದ್ಯಾಕಪ್ಪಾ?’ ನಕ್ಕು ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ಊಟದ ವಿಷಯದಲ್ಲಿ ‘ನಮ್ಮದು’ ಎಂದರೇನು?

ಹುಟ್ಟಿದ ನೆಲವೇ ಲೆಕ್ಕವಾದರೆ ನಮ್ಮ ತಟ್ಟೆ ಬಹುಪಾಲು ಬರಿದಾಗುತ್ತದೆ. ಹೊಸದುರ್ಗದ ಮುದ್ದೆಯ ರಾಗಿ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದದ್ದು, ರೊಟ್ಟಿಯ ಬಿಳಿಜೋಳದ ತವರೂ ಅದೇ. ಹಿರಿಯೂರಿನ ಹೊಲಗಳ ಶೇಂಗಾ ದಕ್ಷಿಣ ಅಮೆರಿಕದ್ದು. ಸಾರಿನ ಮೆಣಸಿನಕಾಯಿ ಬಂದದ್ದು ಪೋರ್ಚುಗೀಸರು 1498ರಲ್ಲಿ ನಮ್ಮ ಕರಾವಳಿಗೆ ಕಾಲಿಟ್ಟ ಮೇಲೆ. ಹೊಳಲ್ಕೆರೆಯ ಸುತ್ತ ಮುಂಗಾರಿನಲ್ಲಿ ಆಳೆತ್ತರ ನಿಲ್ಲುವ ಮೆಕ್ಕೆಜೋಳವನ್ನು ಸುಮಾರು 9,000 ವರ್ಷಗಳ ಹಿಂದೆ ಕಾಡುಹುಲ್ಲೊಂದರಿಂದ ಪಳಗಿಸಿದವರು ಮೆಕ್ಸಿಕೊದ ಜನ. ಟಾಕೊ ಹುಟ್ಟಿದ್ದು ಆ ಬೆಳೆಯಿಂದಲೇ.

ಇಲ್ಲಿಂದಲೂ ಊಟ ಹೊರಟಿದೆ. ಗುಲಾಮಗಿರಿ ರದ್ದಾದ ಮೇಲೆ ಕೆರಿಬಿಯನ್ನಿನ ಕಬ್ಬಿನ ತೋಟಗಳಿಗೆ ಆಳು ಬೇಕಾದರು. 1838ರಲ್ಲಿ ಗಯಾನಕ್ಕೂ 1845ರಲ್ಲಿ ಟ್ರಿನಿಡಾಡಿಗೂ ಕರಾರಿನ ಕೂಲಿಗಳಾಗಿ ಭಾರತೀಯರು ಹೋದರು, ರೊಟ್ಟಿಯೂ ಅವರ ಜೊತೆ ಹೋಯಿತು. ರೊಟ್ಟಿಯಲ್ಲಿ ಪಲ್ಯ ಸುತ್ತಿ ತಿನ್ನುವುದು ಇಂದು ಟ್ರಿನಿಡಾಡಿನಲ್ಲಿ ಎಲ್ಲ ಜನಾಂಗದವರ ಊಟ. ಆ ಶೈಲಿಯ ಟಾಕೊ ನಮಗೆ ಪರಕೀಯನೋ ದೂರದ ನೆಂಟನೋ, ಹೇಳುವುದು ಕಷ್ಟ.

ಹಾಗಾದರೆ ಎಲ್ಲವೂ ಎಲ್ಲರದು, ಸುಮ್ಮನೆ ತಿನ್ನೋಣ ಎನ್ನಬಹುದೆ? ಮೆಕ್ಕೆಜೋಳದ ಕಥೆ ಅಷ್ಟು ಸಲೀಸಾಗಿ ಬಿಡುವುದಿಲ್ಲ. ಮೆಕ್ಸಿಕೊದ ಹೆಂಗಸರು ಆ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ಆಮೇಲೆ ರುಬ್ಬುತ್ತಿದ್ದರು. ಅದರಿಂದ ಕಾಳಿನೊಳಗಿನ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುತ್ತಿತ್ತು. ಯುರೋಪಿನವರು ಕಾಳನ್ನು ಒಯ್ದರು, ಬೇಯಿಸುವ ವಿಧಾನ ಕೇಳಲಿಲ್ಲ. 18ನೇ ಶತಮಾನದಿಂದ ಉತ್ತರ ಇಟಲಿಯಲ್ಲಿ, 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಮೆಕ್ಕೆಜೋಳವನ್ನೇ ನಂಬಿದ ಬಡವರು ಪೆಲಾಗ್ರಾ ರೋಗದಿಂದ ಚರ್ಮ ಸುಲಿದು, ಬುದ್ಧಿ ಕೆಟ್ಟು ಸತ್ತರು. ಕಾಳು ಬಂತು, ಸುಣ್ಣ ಬರಲಿಲ್ಲ. ಬೆಳೆ ಬೇಕು, ಬೆಳೆದವರ ಮಾತು ಬೇಡ ಎಂದವರ ತಪ್ಪಿಗೆ ದಂಡ ತೆತ್ತವರು ಬೇರೆಯವರು.

ಇದೇ ಕೆಲಸವನ್ನು ನಾವು ಹಡಗು ಹತ್ತದೆಯೇ ಮಾಡಿದ್ದೇವೆ. ಕಳೆ ಕಿತ್ತು, ಕೊಯ್ದು, ಬಡಿದು ಕೊಟ್ಟವರ ರಾಗಿ ನಮಗೆ ಬೇಕಿತ್ತು. ಅವರು ಹೋಟೆಲಿನೊಳಗೆ ಕೂರುವುದು ಬೇಡವಾಗಿತ್ತು. ಅವರ ಲೋಟ ಬೇರೆ, ಜಾಗ ಹೊರಗೆ. ಮಾದಾರ ಚೆನ್ನಯ್ಯನ ಅಂಬಲಿಯನ್ನು ಶಿವನೇ ಬಂದು ಉಂಡ ಎಂಬ ಕಥೆಯನ್ನು ಭಕ್ತಿಯಿಂದ ಹೇಳುವ ನಾಡು ಇದು. ಶಿವನಿಗೆ ರುಚಿಸಿದ ಮನೆ ಊರಿಗೆ ಮೈಲಿಗೆಯಾಗಿಯೇ ಉಳಿಯಿತು. ಊಟದ ‘ನಮ್ಮತನ’ ಎಷ್ಟೋ ಸಲ ಪಂಕ್ತಿಯಿಂದ ಯಾರನ್ನು ಎಬ್ಬಿಸಬೇಕು ಎಂಬುದರ ಇನ್ನೊಂದು ಹೆಸರಾಗಿತ್ತು.

ಹೊಸ ರೆಸ್ಟೋರೆಂಟು ಬಾಗಿಲಲ್ಲಿ ಜಾತಿ ಕೇಳುವುದಿಲ್ಲ. ಅದು ಸಣ್ಣ ಸಂಗತಿಯಲ್ಲ. ಬಿಲ್ಲು ಮಾತ್ರ ಕೊಡುತ್ತದೆ, ಮತ್ತು ಬಿಲ್ಲಿಗೂ ಜನರನ್ನು ಹೊರಗೆ ನಿಲ್ಲಿಸುವುದು ಗೊತ್ತು. 2025-26ರ ಮುಂಗಾರು ಹಂಗಾಮಿಗೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ, ಅಂದರೆ ಕಿಲೋಗೆ 24. ಒಂದು ಟಾಕೊದ ರೊಟ್ಟಿಗೆ 30 ಗ್ರಾಂ ಜೋಳ ಹಿಡಿದರೆ, ಆ ದರ ಪೂರ್ತಿ ಸಿಕ್ಕಿದರೂ, ಬೆಳೆದವನ ಪಾಲು 72 ಪೈಸೆ. ಹೊಳಲ್ಕೆರೆಯ ರೈತ ಆ ಮೇಜಿನ ಮುಂದೆ ಕೂರಲು ಎಷ್ಟು ಕಾಳು ಮಾರಬೇಕು, ಲೆಕ್ಕ ಹಾಕಿ ನೋಡಿ.

ಹಾಗಂತ ಟಾಕೊ ತಿನ್ನುವುದು ತಪ್ಪಲ್ಲ. ಮುದ್ದೆ ಉಂಡ ಮಾತ್ರಕ್ಕೆ ಪುಣ್ಯವೂ ಬರುವುದಿಲ್ಲ. ಎರಡು ತಟ್ಟೆಗೂ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಬೆಳೆದವರು, ಅಟ್ಟವರು ಬಂದರೆ ಪಕ್ಕದಲ್ಲಿ ಕೂರಲು ಜಾಗ ಇದೆಯೇ? ಹಿರಿಯರು ‘ನಮ್ಮ ಊಟ’ ಎಂದಾಗ ಮಕ್ಕಳು ಇದನ್ನು ಕೇಳಬಹುದು. ಮಕ್ಕಳು ಮೆನು ತೆರೆದಾಗ ಹಿರಿಯರೂ ಕೇಳಬಹುದು.