ಚಿತ್ರವಾಗಿ ಬಂದ ಕನ್ನಡ

2010ರ ಸುಮಾರು. ಬೆಳವಣಕಿಯ ಮನೆಯ ಕಟ್ಟೆಯ ಮೇಲೆ ಕೂತು ಕಾಕಾನ ಕೀಪ್ಯಾಡ್ ಫೋನಿನಲ್ಲಿ ಕನ್ನಡದ ಸುದ್ದಿಪುಟವೊಂದನ್ನು ತೆರೆದಿದ್ದೆ. ಹತ್ತಿಯ ಧಾರಣೆ ನೋಡಬೇಕೆಂಬ ಆಸೆ ಅವರದು. ಪರದೆಯ ತುಂಬ ಚೌಕಗಳು. “ಏ ತಮ್ಮಾ, ಇದೇನೋ, ಬರೇ ಡಬ್ಬಿ ಅದಾವಲ್ಲ!” ಎಂದರು.

ತಪ್ಪು ಬ್ರೌಸರಿನದಲ್ಲ. ಬ್ರೌಸರ್ ಒಬ್ಬ ಬಾಡಿಗೆದಾರ. ಪರದೆ, ಮೆಮೊರಿ, ಅಕ್ಷರ ಎಲ್ಲವನ್ನೂ ಆಪರೇಟಿಂಗ್ ಸಿಸ್ಟಮ್ ಎಂಬ ಮನೆಮಾಲೀಕನಿಂದಲೇ ಕೇಳಿ ಪಡೆಯಬೇಕು. ಆ ಫೋನಿನ ಮಾಲೀಕನಿಗೆ ಕನ್ನಡ ಬರುತ್ತಿರಲಿಲ್ಲ. ಕಂಪ್ಯೂಟರಿನಲ್ಲೂ ಹಾಗೇ ಇತ್ತು: 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟ್ ಇದ್ದರೂ, ಒತ್ತಕ್ಷರ ಸರಿಯಾಗಿ ಕೂಡಬೇಕೆಂದರೆ ಭಾರತೀಯ ಲಿಪಿಗಳ ಬೆಂಬಲವನ್ನು ನಾವೇ ಸೇರಿಸಿಕೊಳ್ಳಬೇಕಿತ್ತು.

ಗೆಳೆಯನೊಬ್ಬ ಉಪಾಯ ಹೇಳಿಕೊಟ್ಟಿದ್ದ. ನಾರ್ವೆಯ ಒಪೆರಾ ಮಿನಿ ಬ್ರೌಸರಿನ ವಿಳಾಸಪಟ್ಟಿಯಲ್ಲಿ ‘ಒಪೆರಾ:ಕಾನ್ಫಿಗ್’ ಎಂದು ಇಂಗ್ಲಿಷಿನಲ್ಲಿ ಬರೆದು ಒಂದು ಆಯ್ಕೆಯನ್ನು ಬದಲಿಸಿದರೆ, ದೂರದ ಸರ್ವರ್ ಕನ್ನಡವನ್ನು ಚಿತ್ರವಾಗಿ ಬಿಡಿಸಿ ಕಳಿಸುತ್ತಿತ್ತು. ಮಾಲೀಕನನ್ನು ಕೇಳದೆಯೇ ಬಾಡಿಗೆದಾರ ಗೋಡೆಗೆ ಕನ್ನಡ ಅಂಟಿಸಿದ ಹಾಗೆ. ಕಾಕಾ ಕಣ್ಣು ಕಿರಿದಾಗಿಸಿಕೊಂಡು ಓದಿದರು.

ಆಗ ಹೇಳದೇ ಉಳಿದ ಮಾತೊಂದಿದೆ. ಅಕ್ಷರ ಬಿಡಿಸಬೇಕಾದರೆ ಆ ಸರ್ವರ್ ಪುಟವನ್ನು ತಾನು ಮೊದಲು ಬಿಚ್ಚಬೇಕು. ಕಾಕಾ ಓದುವುದೆಲ್ಲ ಅದರ ಕೈ ದಾಟಿಯೇ ಬರಬೇಕು. ಬ್ಯಾಂಕಿನ ಪುಟವಾದರೂ ಅಷ್ಟೇ. ಇದು ನನಗೆ ಗೊತ್ತಿತ್ತು. ಅವರ ಪರವಾಗಿ ನಾನೇ ಒಪ್ಪಿಬಿಟ್ಟಿದ್ದೆ. ವರ್ಷಗಳ ನಂತರ ಹೇಳಿದಾಗ ಅವರು ನಕ್ಕರು: “ಧಾರಣಿ ಓದೂದನ್ನ ಯಾರರ ನೋಡಿದ್ರ ಏನಾತು? ನನಗ ಕನ್ನಡ ಕಂಡಿದ್ದ ಸಾಕಾತು.” ಅವರು ಕ್ಷಮಿಸಿದರೋ, ನನ್ನ ತಪ್ಪೇ ಅವರಿಗೆ ಕಾಣಲಿಲ್ಲವೋ ಎಂಬುದು ನನಗೆ ಬಗೆಹರಿದಿಲ್ಲ. ಒಬ್ಬರ ಒಳಿತಿಗೆಂದು ಅವರನ್ನು ಕೇಳದೆ ಆರಿಸುವುದು ಉಪಕಾರವೇ?

ದೊಡ್ಡ ಕಂಪನಿಗಳೂ ಇಂಥದೇ ವಾದ ಹೂಡುತ್ತವೆ, ಲಾಭ ಮಾತ್ರ ಬೇರೆ. 1998ರಲ್ಲಿ ಅಮೆರಿಕ ಸರ್ಕಾರ ಮೈಕ್ರೋಸಾಫ್ಟ್ ಮೇಲೆ ಮೊಕದ್ದಮೆ ಹೂಡಿದಾಗ, ಇಂಟರ್ನೆಟ್ ಎಕ್ಸ್‌ಪ್ಲೋರರ್ ವಿಂಡೋಸಿನ ಅಂಗವೇ, ಬೇರ್ಪಡಿಸಲಾಗದು ಎಂದಿತು ಕಂಪನಿ. 2022ರ ಅಕ್ಟೋಬರಿನಲ್ಲಿ ನಮ್ಮ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಆಂಡ್ರಾಯ್ಡ್ ಫೋನುಗಳಲ್ಲಿ ಕ್ರೋಮ್ ಮೊದಲೇ ಕೂತಿರಬೇಕೆಂಬ ಷರತ್ತೂ ಆ ವಿಚಾರಣೆಯಲ್ಲಿತ್ತು. ಮಾಲೀಕ ತನ್ನ ಮಗನನ್ನೇ ಬಾಡಿಗೆದಾರನೆಂದು ಕೂರಿಸಿದರೆ, ಬೇರೆಯವರಿಗೆ ಬಾಗಿಲು ತೆರೆದಿದ್ದರೂ ಬರುವವರು ಕಡಿಮೆ.

ಆದರೂ ಈಗಿನ ಫೋನನ್ನು ಬೈಯಲು ನಾಲಿಗೆ ಏಳುವುದಿಲ್ಲ. ಅದು ಕನ್ನಡ ಕಲಿತೇ ಬಂದಿದೆ. ಚಿತ್ರದ ಕನ್ನಡವನ್ನು ಓದಬಹುದಿತ್ತು, ಒಂದಕ್ಷರವನ್ನೂ ಎತ್ತಿಕೊಳ್ಳಲು ಆಗುತ್ತಿರಲಿಲ್ಲ. ಮೊನ್ನೆ ಕಾಕಾ ಸುದ್ದಿಯೊಂದರ ನಾಲ್ಕು ಸಾಲನ್ನು ಬೆರಳಿನಿಂದ ಒತ್ತಿ ಹಿಡಿದು, ಎತ್ತಿ, ನನ್ನ ವಾಟ್ಸಾಪಿಗೆ ಕಳಿಸಿದ್ದರು. ಯಾವ ಬ್ರೌಸರಿನಲ್ಲಿ ಓದಿದಿರಿ ಎಂದು ಕೇಳಿದೆ.

“ಬ್ರೌಸರ್ ಅಂದ್ರ?” ಅಂದರು.